ಮಧ್ವರಾಜ ಭಟ್ಟರ ಶ್ರುತಿಪೆಟ್ಟಿಗೆ

ಪುಕ್ಕಟೆ ಸಿಕ್ಕಿದ ಸಾಮಾನನ್ನು ಯಾರೂ ತೂಗಿ ನೋಡುವುದಿಲ್ಲ ಎಂಬುದು ಪೇಟೆಯ ಮಾತು. ಕಾವೂರಿನ ಮಧ್ವರಾಜ ಭಟ್ಟರ ಸಂಗೀತ ಪಾಠವನ್ನೂ ಹಾಗೆ ಯಾರೂ ತೂಗಲಿಲ್ಲ. ಎಪ್ಪತ್ತೈದನೇ ಇಸವಿಯಿಂದ, ಆಫೀಸು ಬಿಟ್ಟ ಮೇಲೆ, ಬೀಡಿ ಕಟ್ಟುವವರ ಮಕ್ಕಳನ್ನು ಶಾಲೆಯ ಜಗಲಿಯಲ್ಲಿ ಕೂರಿಸಿಕೊಂಡು ಸರಳೆ, ಜಂಟಿವರಸೆ ಹೇಳಿಕೊಡುತ್ತಿದ್ದರು. ಫೀಸು ಇಲ್ಲ. ಇದ್ದದ್ದು ಒಂದೇ ಕರಾರು: ಶ್ರುತಿಪೆಟ್ಟಿಗೆಯನ್ನು ಯಾರೂ ಮುಟ್ಟಬಾರದು. ಅದು ಅವರ ತಂದೆಯ ಕಾಲದ್ದು, ದೇವಸ್ಥಾನದ ಭಜನೆಗೆ ಹೋಗುವಂಥದ್ದು, ದೇವರ ಕೋಣೆಯಲ್ಲಿ ಇರುವಂಥದ್ದು. ತಿದಿ ಒತ್ತುವುದು ಭಟ್ಟರೇ; ಮಕ್ಕಳು ಎರಡು ಮೊಳ ಆಚೆ ಕೂತು ಹಾಡುವುದು. ತಾನು ಜಾತಿಗೀತಿ ನೋಡುವವನಲ್ಲ ಎಂದು ಭಟ್ಟರು ಊರಿಡೀ ಹೇಳುತ್ತಿದ್ದರು, ಅದನ್ನು ನಂಬಿಯೂ ಇದ್ದರು. ಮನೆಗೆ ಬಂದ ಕೂಡಲೇ ಹೆಂಡತಿ ರಮಾದೇವಿ, ಪೆಟ್ಟಿಗೆಯನ್ನು ಯಾರೂ ಮುಟ್ಟಲಿಲ್ಲವಲ್ಲ ಎಂದು ಕೇಳುವರು. ಇಲ್ಲ ಎನ್ನುವಾಗ ಭಟ್ಟರಿಗೂ ಒಂದು ಸಮಾಧಾನ.

ಆ ಗುಂಪಿನಲ್ಲಿ ನಿಜವಾದ ಕಂಠ ಇದ್ದದ್ದು ದೇಯಿಗೆ. ಎಂಬತ್ತೆರಡರಲ್ಲಿ ಭಟ್ಟರು ಅವಳನ್ನು ಸಂಗೀತದ ಜೂನಿಯರ್ ಪರೀಕ್ಷೆಗೆ ಕೂರಿಸಿದರು. ಪಾಸಾದರೆ ಬಿಕರ್ನಕಟ್ಟೆಯ ಒಂದು ಶಾಲೆಯಲ್ಲಿ ಸಣ್ಣ ಮಕ್ಕಳಿಗೆ ಹಾಡು ಕಲಿಸುವ ಕೆಲಸ ಎಂದು ಮಾತಾಗಿತ್ತು. ತಾಯಿಯ ಹಾಗೆ ಎಲೆ, ಹೊಗೆಸೊಪ್ಪು ಹರಡಿದ ಮೊರದ, ಆ ತಡ್ಪೆಯ ಮುಂದೆ ಬೆನ್ನು ಬಗ್ಗಿಸುವುದು ತಪ್ಪುತ್ತಿತ್ತು.

ಪರೀಕ್ಷೆಯ ದಿನ ಭಟ್ಟರೇ ಪೆಟ್ಟಿಗೆ ಹೊತ್ತು ತಂದು ಅವಳ ಮುಂದಿಟ್ಟು ಹೊರಗೆ ಬಂದರು. ಒಳಗೆ ಒತ್ತುವವರು ಯಾರು ಎಂಬುದು ಇಷ್ಟು ವರ್ಷದಲ್ಲಿ ಅವರಿಗೆ ಹೊಳೆದೇ ಇರಲಿಲ್ಲ.

"ಶ್ರುತಿ ಹಾಕಿಕೊಂಡು ಶುರು ಮಾಡಮ್ಮ," ಎಂದರು ಪರೀಕ್ಷಕರು.

ದೇಯಿ ಕೈಗಳನ್ನು ಮಡಿಲಲ್ಲೇ ಇಟ್ಟುಕೊಂಡು ಕಿಟಕಿಯಾಚೆ ನಿಂತ ಮಾಷ್ಟ್ರನ್ನು ನೋಡಿದಳು. ಭಟ್ಟರು ತಲೆ ಒಂದಿಷ್ಟು ಆಡಿಸಿದರೆ ಸಾಕಿತ್ತು. ಆದರೆ ತಮ್ಮ ಮಗಳನ್ನೂ ಪರೀಕ್ಷೆಗೆ ಕರೆತಂದಿದ್ದ ದೇವಸ್ಥಾನದ ಹೃಷೀಕೇಶ ಆಚಾರ್ಯರು ಪಕ್ಕದಲ್ಲೇ ನಿಂತು, ಪೆಟ್ಟಿಗೆಯ ಗುರುತು ಹಿಡಿದು, ಮುಂದೇನಾಗುತ್ತದೆ ಎಂದು ನೋಡುತ್ತಿದ್ದರು. ತಾಳ ಕೇಳಿದಲ್ಲೆಲ್ಲ ತೂಗುವ ಭಟ್ಟರ ತಲೆ ಆ ಹೊತ್ತು ಅಲ್ಲಾಡಲಿಲ್ಲ.

ದೇಯಿ ಶ್ರುತಿಯಿಲ್ಲದೆಯೇ ಹಾಡಿದಳು. ಅರ್ಧಕ್ಕೆ ಬರುವಾಗ ಸ್ವರ ಜಾರಿತು. ಮತ್ತೆ ಹಿಡಿಯಲು ಆಧಾರ ಇರಲಿಲ್ಲ. ಪಾಸಾದವರಲ್ಲಿ ಅವಳ ನಂಬರು ಬರಲಿಲ್ಲ.

ಭಟ್ಟರು ಅವಳ ಮನೆಗೆ ಹೋದರು. ದೇಯಿ ತಡ್ಪೆಯ ಮುಂದೆ ಕೂತು ಬೀಡಿ ಸುತ್ತುತ್ತಿದ್ದಳು. ಮುಂದಿನ ವರ್ಷ ಮತ್ತೆ ಕೂರು, ಪೆಟ್ಟಿಗೆ ನೀನೇ ಒತ್ತು, ನನ್ನ ಅಭ್ಯಂತರ ಇಲ್ಲ ಎಂದು ಧಾರಾಳವಾಗಿಯೇ ಹೇಳಿದರು.

"ಬೇಡ ಮಾಷ್ಟ್ರೆ. ನಾನು ಮುಟ್ಟಿದರೆ ನಿಮಗೆ ಅದನ್ನು ಶುದ್ಧ ಮಾಡುವ ಕೆಲಸ ಉಂಟಲ್ಲ."

"ಹಾಗೆ ಎಂತದೂ ಇಲ್ಲ ಮಾರಾಯ್ತಿ."

"ಮತ್ತೆ ಆ ದಿನ ಎಂತಕ್ಕೆ ಸುಮ್ಮನೆ ನಿಂತದ್ದು?"

ಅಷ್ಟರಲ್ಲಿ ತಾಯಿ ಚಾ ತಂದಿಟ್ಟಳು. ಇವತ್ತು ಹೊಟ್ಟೆ ಸರಿ ಇಲ್ಲ ಎಂದು ಭಟ್ಟರು ಎದ್ದರು. ದೇಯಿ ಲೋಟ ಎಳೆದುಕೊಂಡು, ಅವರ ಎದುರೇ, ಆ ಚಾ ತಾನೇ ಕುಡಿದಳು.