ನಿನ್ನೆಯ ಕಡ್ಡಿ ಕೀಳುವ ಅಸಾಬೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಜನರನ್ನು ಹೊಳೆ ದಾಟಿಸುವ ಹೆಂಗಸು, ಅರವತ್ತು ಮೀರಿದ ಅಸಾಬೆ ಉಟ್ಟ ಬಟ್ಟೆಯನ್ನು ಮೊಣಕಾಲ ಮೇಲಕ್ಕೆ ಬಿಗಿದು ಗಾಶ್ ಹೊಳೆಗೆ ಇಳಿಯುತ್ತಾರೆ. ಇಳಿದವರು ದಾರಿ ಹುಡುಕುವುದಿಲ್ಲ. ನಿನ್ನೆ ತಾವೇ ಎರಡು ಸಾಲಾಗಿ ನೆಟ್ಟ ಚಿಂದಿ ಕಟ್ಟಿದ ಕಡ್ಡಿಗಳನ್ನು ಒಂದೊಂದಾಗಿ ಕೀಳತೊಡಗುತ್ತಾರೆ. ಮುನ್ನೂರು ಜನ ನಿನ್ನೆ ಇದೇ ಸಾಲುಗಳ ನಡುವೆ ನಡೆದು ಕ್ಷೇಮವಾಗಿ ಆಚೆ ದಡ ಸೇರಿದ್ದರು. ನೆಟ್ಟದ್ದು ಅರವತ್ತೆರಡು, ಹದಿನೈದನ್ನು ಹೊಳೆಯೇ ಒಯ್ದಿದೆ.

ದಂಡೆಯಲ್ಲಿ ಇವತ್ತು ಎಲ್ಲರ ಜೀವ ಬಾಯಿಗೆ ಬಂದಿದೆ. ಹಗ್ಗದ ಮಂಚದ ಮೇಲೆ ಲಾದಿ ಎಂಬ ಚೊಚ್ಚಲ ಬಸುರಿ ನರಳುತ್ತಿದ್ದಾಳೆ. ಹೊಟ್ಟೆಯಲ್ಲಿ ಮಗು ಅಡ್ಡ ತಿರುಗಿದೆ ಎಂದು ಸೂಲಗಿತ್ತಿ ಕೈಚೆಲ್ಲಿದ್ದಾಳೆ. ಆಸ್ಪತ್ರೆ ಇರುವುದು ಆಚೆ ದಡದ ಕಸಲಾ ಪಟ್ಟಣದಲ್ಲಿ. ಸೇತುವೆಗೆ ಹೋಗುವ ರಸ್ತೆ ಮೊನ್ನೆಯೇ ಕೊಚ್ಚಿಹೋಗಿದೆ.

ಮಂಚ ಹೊರಲು ಬಂದ ನಾಲ್ವರಲ್ಲಿ ಒಂಟೆ ಕಾಯುವ ಓಹಾಜ್ ಒಬ್ಬ. ಬೆಜಾ ಎಂಬ ಗುಡ್ಡಗಾಡು ಬುಡಕಟ್ಟಿನವನು, ಗುಂಗುರು ಕೂದಲಲ್ಲಿ ಮರದ ಬಾಚಣಿಗೆ ಸಿಕ್ಕಿಸಿಕೊಂಡಿದ್ದಾನೆ. ಅವನಿಗೆ ತಾಳ್ಮೆ ಕೆಡುತ್ತದೆ.

“ಅಕ್ಕಾ, ಕಡ್ಡಿ ಕೀಳೋಕೆ ಇದೇನಾ ಹೊತ್ತು? ನಿನ್ನೆ ದಾರೀಲೇ ಹೋಗ್ಬಿಡೋಣ, ಹುಡುಗಿ ಉಳಿಯಲ್ಲ!”

“ಬಾಯ್ಮುಚ್ಕೊಂಡು ಮಂಚ ಹಿಡ್ಕೊಳೋ. ನಿನ್ನೆ ಹೊಳೆ ಮರಳಲ್ಲಿ ಇಂಗೋಯ್ತು. ಇದು ಬೇರೆ ಹೊಳೆ.”

ಮಾತು ಸುಳ್ಳಲ್ಲ. ನಿನ್ನೆ ಸಂಜೆ ಎರಡು ಕವಲಾಗಿದ್ದ ನೀರು ಈಗ ಮೂರಾಗಿದೆ. ನಿನ್ನೆ ಜನ ಕೂತು ಬೆವರು ಒರೆಸಿಕೊಂಡ ಮರಳದಿನ್ನೆ ಇದ್ದಲ್ಲಿ ಇಲ್ಲ.

ಪತ್ರಿಕೆಗೆ ಬರೆಯಲು ಬಂದವನಾದರೂ ಇದೇ ದಂಡೆಯಲ್ಲಿ ಹುಟ್ಟಿದ ನನಗೂ ಹೊಳೆ ಗೊತ್ತು ಎಂಬ ಜಂಬವಿತ್ತು. ಕನ್ನಡಿಯಂತೆ ಸುಮ್ಮನಿದ್ದ ಕಡೆ ಕಾಲಿಟ್ಟೆ. ಎರಡೇ ಹೆಜ್ಜೆ, ತೊಡೆಯವರೆಗೆ ಹೂತುಹೋದೆ. ಅಸಾಬೆ ರಟ್ಟೆ ಹಿಡಿದು ಎಳೆದು ಹಾಕುತ್ತಾರೆ.

“ಏ ಪೇಪರ್‌ನೋನೇ, ಸುಮ್ನಿರೋ ನೀರನ್ನ ನಂಬ್ತಾರೇನೋ? ಅಡಿಯಲ್ಲಿ ಗಟ್ಟಿ ನೆಲ ಇದ್ರೇನೇ ನೀರು ಗಲಾಟೆ ಮಾಡೋದು. ನಿಮ್ಮಮ್ಮ ನಿನಗಿಂತ ಜಾಣೆ, ನನ್ನ ಹಿಂದೇನೇ ಬರೋಳು.”

ಅಸಾಬೆಯ ಅಜ್ಜ ತಾಂಕೊ ಪಶ್ಚಿಮದ ಹೌಸಾ ನಾಡಿನಿಂದ ಮೆಕ್ಕಾಗೆಂದು ಕಾಲ್ನಡಿಗೆಯಲ್ಲಿ ಹೊರಟವನು. ಎರಡು ವರ್ಷ ನಡೆದು ದಣಿದ ಆ ಗುಂಪು ಇಲ್ಲೇ ನೆಲೆ ನಿಂತಿತು. ಅವರ ನಾಡಿನ ಹೊಳೆಗಳಲ್ಲಿ ತಾತ ದಾಟಿದ ಜಾಗದಲ್ಲೇ ಮೊಮ್ಮಗನೂ ದಾಟುತ್ತಿದ್ದ. ಅದೇ ಲೆಕ್ಕದಲ್ಲಿ ಇಲ್ಲೂ ದಾಟಿದ ಜಾಗಕ್ಕೆ ಕಲ್ಲು ಪೇರಿಸಿ ಗುರುತಿಟ್ಟರು. ಮೊದಲ ಮಳೆಗಾಲದಲ್ಲೇ ಆ ಕಲ್ಲನ್ನು ನಂಬಿ ಇಳಿದ ಹನ್ನೊಂದು ಜನ ತಿರುಗಿ ಬರಲಿಲ್ಲ. ಆಮೇಲೆ ಓಹಾಜನ ಮುತ್ತಾತ ತಾಂಕೊನನ್ನು ಒಂಟೆಯ ಹಿಂದೆ ನಡೆಸಿ, ಅದು ಎಲ್ಲಿ ಕಾಲಿಡುತ್ತದೆ, ಎಲ್ಲಿ ಹಟ ಹಿಡಿದು ನಿಲ್ಲುತ್ತದೆ ಎಂದು ತೋರಿಸಿಕೊಟ್ಟನಂತೆ. ಆ ವಿದ್ಯೆ ಅಸಾಬೆಯ ಹಿಮ್ಮಡಿಗೆ ಇಳಿದು ಬಂದಿದೆ.

ಆ ಹಿಮ್ಮಡಿಯನ್ನು ನೋಡಬೇಕು! ಊರಿ, ಅರ್ಧ ತಿರುಗಿಸಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಲ್ಲುತ್ತಾರೆ. ಮರಳು ನಡುಗಿದರೆ ಕಾಲು ಹಿಂದೆ, ಬಿಗಿಯಾಗಿದ್ದರೆ ಒಂದು ಕಡ್ಡಿ. ವರ್ಷದಲ್ಲಿ ಎಂಬತ್ತು ತೊಂಬತ್ತು ದಿನ ಹರಿಯುವ ಹೊಳೆಯನ್ನು ಹೀಗೆ ದಿನಕ್ಕೆ ಮೂರು ಸಲ ಅಳೆಯುತ್ತಾರೆ. ಐನೂರು ಹೆಜ್ಜೆ ಅಗಲದ ಪಾತ್ರದಲ್ಲಿ ನೇರ ದಾರಿ ಎಂಬುದೇ ಇಲ್ಲ.

ಮೂವತ್ತೊಂದು ವರ್ಷಗಳ ಹಿಂದೆ ಒಂದೇ ಒಂದು ಬೆಳಿಗ್ಗೆ ಅವರು ಕಡ್ಡಿ ಕೀಳಲಿಲ್ಲ. ಜ್ವರದಲ್ಲಿ ಮಲಗಿದ್ದರು. ತಂಗಿ ದೇಲು ಈರುಳ್ಳಿ ಬುಟ್ಟಿ ಹೊತ್ತು ಕಡ್ಡಿಸಾಲಿನ ನಡುವೆ ನಡೆದಳು. ಮೂರು ದಿನದ ಮೇಲೆ ಬುಟ್ಟಿ ಮಾತ್ರ ಸಿಕ್ಕಿತು.

“ಅವಳು ಹೊಳೆನ ನಂಬ್ಲಿಲ್ಲ,” ಎನ್ನುತ್ತಾರೆ ಅಸಾಬೆ. “ನನ್ನನ್ನ ನಂಬಿದ್ಲು.”

ಮೂರನೆಯ ಕವಲಲ್ಲಿ ನೀರು ಎದೆಮಟ್ಟ. ಮಂಚ ನಾಲ್ವರ ತಲೆಯ ಮೇಲೇರುತ್ತದೆ. ಅಸಾಬೆ ಮುಖ ಮಂಚದ ಕಡೆಗಿಟ್ಟು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ, ಹಿಮ್ಮಡಿಯಿಂದಲೇ ನೆಲ ತಡಕುತ್ತಾರೆ. “ಬಾ... ಬಾ... ನಿಲ್ಲು! ಎಡಕ್ಕೆ. ಹಾಂ, ಬಾ ಮಗಾ.” ಎಡಕ್ಕೆ ತಿರುಗುವಾಗ ನಾನು ಬಲಕ್ಕೆ ನೋಡಿದೆ. ನಿನ್ನೆಯ ದಾರಿ ಇದ್ದಲ್ಲಿ ಕಪ್ಪು ನೀರು ಸದ್ದಿಲ್ಲದೆ ಸುಳಿ ತಿರುಗುತ್ತಿತ್ತು. ಓಹಾಜನೂ ನೋಡಿದ. ಆಮೇಲೆ ಅವನು ಅಸಾಬೆ ಹೇಳಿದಲ್ಲೇ ಹೆಜ್ಜೆ ಇಟ್ಟ. ಮಂಚ ದಡ ಸೇರಿದ್ದೇ ಲಾದಿಯನ್ನು ಆಸ್ಪತ್ರೆಗೆ ಒಯ್ದರು.

ಬಿಸಿಲೇರುವ ಹೊತ್ತಿಗೆ ಫೋನ್ ಬರುತ್ತದೆ. ಹೆಣ್ಣುಮಗು, ತಾಯಿ ಮಗು ಇಬ್ಬರೂ ಕ್ಷೇಮ. ಶುಂಠಿ ಕಾಫಿ ಕುಡಿಯುತ್ತಿದ್ದ ಅಸಾಬೆಯ ಕೈಯನ್ನು ಲಾದಿಯ ಮಾವ ಹಿಡಿದುಕೊಳ್ಳುತ್ತಾರೆ.

“ತಾಯೀ, ಇವತ್ತು ನೀನು ದಾಟಿಸಿದ ಜಾಗದಲ್ಲೇ ನಿನ್ನ ಹೆಸರು ಕೆತ್ತಿಸಿ ಒಂದು ಕಲ್ಲು ನಿಲ್ಲಿಸ್ತೀನಿ.”

ಅಸಾಬೆ ಬೆಚ್ಚಿಬಿದ್ದು ಲೋಟ ಕೆಳಗಿಡುತ್ತಾರೆ.

“ಅಯ್ಯೋ, ಕಲ್ಲು ಮಾತ್ರ ಬೇಡಪ್ಪಾ! ಅದೇ ದಾರಿ ಅಂದ್ಕೊಂಡು ಯಾರಾದ್ರೂ ಇಳಿದ್ರೆ? ನನಗೇನಾದ್ರೂ ಮಾಡ್ಲೇಬೇಕು ಅಂತಿದ್ರೆ, ನಾನು ಸತ್ತ ಮಾರನೇ ದಿನ ಬೆಳಿಗ್ಗೆ ಬೇಗ ಎದ್ದು ಬಾ. ನಾನು ನೆಟ್ಟ ಕಡ್ಡಿ ಒಂದೂ ಬಿಡದ ಹಾಗೆ ಕಿತ್ತಾಕು.”