ತಗಡಿನ ಸೂರಿನಡಿಯ ಸಾಲು

ತ್ರಾಂಗ್ ಸೀಮೆಯಲ್ಲಿ ರಬ್ಬರ್ ಸಸಿಗೆ ಕಸಿ ಕಟ್ಟುವುದರಲ್ಲಿ ಲಮೈಯನ್ನು ಮೀರಿಸುವವರಿರಲಿಲ್ಲ. ಮೂವತ್ತು ವರ್ಷದಿಂದ ಅದೇ ಚಾಕು, ಅದೇ ಜಂಬ. ಇರಲಿ ಬಿಡಿ, ಅಷ್ಟು ದುಡಿದವಳಿಗೆ ಅಷ್ಟು ಜಂಬ ಸಲ್ಲುತ್ತದೆ.

ಅಂಥವಳ ಪಾತಿಯಲ್ಲೇ ಆ ವರ್ಷ ನಾಲ್ಕು ಸಾವಿರ ಸಸಿಗಳ ಎಲೆಗಳು ಪಟ್ಟಿಯಂತೆ ಕಿರಿದಾಗಿ ತಿರುಚಿಕೊಂಡವು. ತಪಾಸಣೆಗೆ ಬಂದ ಅಧಿಕಾರಿ ವಿಚಿತ್ ಅವಳೇ ಕಳಿಸಿದ್ದ ಮಣ್ಣಿನ ಪರೀಕ್ಷೆಯ ವರದಿ ಬಿಡಿಸಿದ.

"ಕೊರತೆ ಏನೂ ಇಲ್ಲ ದೊಡ್ಡಮ್ಮ. ಎಲೆ ಹೀಗೆ ಕಿರಿದಾಗೋದು ಜಿಂಕ್ ಕಮ್ಮಿಯಾದ್ರೆ, ಅದಂತೂ ಬೇಕಾದಷ್ಟಿದೆ. ಹಾಗಾದ್ರೆ ಇದು ಅಂಟುರೋಗಾನೇ. ಶುಕ್ರವಾರದೊಳಗೆ ಎಲ್ಲಾ ಸುಟ್ಟುಬಿಡಿ."

ಬೇಲಿಯಾಚೆ ನಿಂತಿದ್ದ ಪಕ್ಕದ ತೋಟದ ಚುವಾನ್ ಬಾಯಿ ಹಾಕಿದ. "ಹೋದ ವರ್ಷ ನನ್ನ ಸಸೀಗೂ ಇದೇ ಬಂದಿತ್ತಲ್ಲಕ್ಕಾ. 'ರೋಗ ಕಣೋ, ಸುಡು, ನನ್ನ ಪಾತಿಗೆ ಹಬ್ಬಿಸ್ಬೇಡ' ಅಂದೋಳು ನೀನೇ. ಬೆಂಕಿಪೊಟ್ಟಣ ಕೊಡ್ಲಾ?"

ಲಮೈ ಅವನಿಗೆ ಬೆನ್ನು ತಿರುಗಿಸಿದಳು. ಸುಟ್ಟರೆ ಸಸಿಗಳ ಜೊತೆ ಅವಳ ಹೆಸರೂ ಹೋಗುತ್ತಿತ್ತು. ರೋಗದ ಪಾತಿಯಿಂದ ಮುಂದೆ ಯಾರು ಸಸಿ ಒಯ್ಯುತ್ತಾರೆ?

ಬುಧವಾರ ಮಧ್ಯಾಹ್ನ ಮಳೆ ಹೊಡೆಯಿತು. ರಬ್ಬರ್ ಹಾಳೆ ಒಣಗಿಸುವ ಹೊಗೆಮನೆಯ ಸೂರಿನಡಿ ಅವಳು ನಿಂತಳು. ಹೊಸ ತಗಡಿನಿಂದ ನೀರು ಧಾರೆಯಾಗಿ ಮೊದಲ ಸಾಲಿನ ಸಸಿಗಳ ಮೇಲೆ ಬೀಳುತ್ತಿತ್ತು. ಆ ಒಂದು ಸಾಲಿನ ಎಲೆಗಳು ಅಂಗೈಯಗಲ, ಕಡುಹಸಿರು. ಎರಡನೆಯ ಸಾಲಿನಿಂದ ಮತ್ತೆ ಅದೇ ಗೋಳು. ರೋಗವಾದರೆ ಒಂದು ಸಾಲು ಬಿಟ್ಟು ಹಬ್ಬುತ್ತದೆಯೇ?

ಒದ್ದೆ ಬಟ್ಟೆಯಲ್ಲೇ ವಿಚಿತ್‌ಗೆ ಫೋನ್ ಮಾಡಿದಳು. "ತಗಡಿನ ನೀರು ಬೀಳೋ ಸಾಲೊಂದು ಚೆನ್ನಾಗಿದೆ. ತಗಡಿಗೆ ಮೇಲೆ ಏನು ಬಳಿದಿರ್ತಾರಪ್ಪಾ?"

"ಜಿಂಕ್." ಅವನು ತಡೆದ. "ದೊಡ್ಡಮ್ಮ, ಪರೀಕ್ಷೆಯ ಮಣ್ಣು ಯಾವುದ್ರಲ್ಲಿ ಕಲೆಸಿದ್ರಿ?"

ಬಾಗಿಲ ಬಳಿ ಹಳೆಯ ತಗಡಿನ ಬಕೆಟ್ಟು ಕೂತಿತ್ತು. ಒಳಗೆಲ್ಲ ಕೆರೆದು ಬಿಳಿಚಿತ್ತು. "ಹಳೇ ತಗಡಿನ ಬಕೆಟ್ಟಲ್ಲಿ," ಎಂದಳು.

"ಪ್ಲಾಸ್ಟಿಕ್ಕಿನದು ಅಂದಿದ್ದೆನಲ್ಲ!"

"ಬಕೆಟ್ಟು ಬಕೆಟ್ಟೇ ಅಂದ್ಕೊಂಡೆ."

"ಸರಿ ಹೋಯ್ತು. ವರದೀಲಿ ಬಂದಿರೋದು ಬಕೆಟ್ಟಿನ ಜಿಂಕ್, ಮಣ್ಣಿಂದಲ್ಲ. ಪಾತಿಗೆ ಬೂದಿ ಎಷ್ಟು ಹಾಕ್ತೀರಿ?"

"ಹೊಗೆಮನೇದು ಪೂರ್ತಿ. ನಮ್ಮಮ್ಮನ ಕಾಲದಿಂದ್ಲೂ ಹಾಗೇ. ಈಗ ಒಲೆ ಎರಡಾಗಿದೆ, ಬೂದೀನೂ ಜಾಸ್ತಿ."

"ಬೂದಿ ಅತಿಯಾದ್ರೆ ಇರೋ ಜಿಂಕನ್ನೂ ಮಣ್ಣು ಬಿಗಿಹಿಡಿಯುತ್ತೆ, ಬೇರಿಗೆ ಬಿಡಲ್ಲ. ಎಲೆಗೆ ಜಿಂಕ್ ಸಲ್ಫೇಟ್ ಸಿಂಪಡಿಸಿ. ಮೂರು ವಾರ ಕೊಡ್ತೀನಿ. ಹೊಸ ಎಲೆ ಅಗಲವಾಗಿ ಬರ್ದಿದ್ರೆ ನಾನೇ ನಿಂತು ಸುಡಿಸ್ಬೇಕಾಗುತ್ತೆ."

ಮಳೆ ನಿಂತ ಮೇಲೆ ಲಮೈ ಎಲ್ಲ ಸಸಿಗೂ ಸಿಂಪಡಿಸಿದಳು. ದಿನವೂ ಬೆಳಕು ಹರಿದೊಡನೆ ಪಾತಿಯಲ್ಲಿ ಕುಕ್ಕರಗಾಲಲ್ಲಿ ಕೂತು ಚಿಗುರು ಮುಟ್ಟಿ ನೋಡುವಳು. ಹದಿನೇಳನೆಯ ದಿನವೂ ಕೆಂಪು ಚಿಗುರು ಮುದುಡಿಯೇ ಇತ್ತು. ಇಪ್ಪತ್ತನೆಯ ದಿನ ಎಲೆ ಬಿಚ್ಚಿತು. ಅಗಲವಾಗಿ, ಮಟ್ಟಸವಾಗಿ. ಅವಳು ಕೆಸರಲ್ಲೇ ಕೂತು ಅತ್ತುಬಿಟ್ಟಳು.

ವಿಚಿತ್ ಬಂದು ನೋಡಿ ಆದೇಶ ಹಿಂತೆಗೆದುಕೊಂಡ. ಅವನ ಬೈಕು ಮರೆಯಾದ ಮೇಲೆ ಲಮೈ ಚುವಾನ್‌ನ ಅಂಗಳಕ್ಕೆ ನಡೆದಳು.

"ಉಳ್ಕೊಂಡ್ವಂತಲ್ಲಕ್ಕಾ!" ಅವನು ಕಾಫಿ ಲೋಟದ ಮೇಲಿಂದಲೇ ನಕ್ಕ. "ರೋಗ ನಿನ್ನ ಜಂಬಕ್ಕೆ ಹೆದರಿ ಓಡ್ತಾ?"

"ರೋಗ ಇರ್ಲೇ ಇಲ್ಲ ಕಣೋ. ಬೂದಿ." ಅವಳು ಅವನೆದುರು ಕುಕ್ಕರಿಸಿದಳು. "ಹೋದ ವರ್ಷ ನಿನ್ನ ಪಾತಿಗೂ ನಾನೇ ಐದು ಮೂಟೆ ಕಳಿಸಿದ್ದೆ, ನೆನಪಿದ್ಯಾ?"

ಚುವಾನ್ ಲೋಟ ಕೆಳಗಿಟ್ಟ. ಅವನು ಸಸಿ ಸುಟ್ಟ ಜಾಗದಲ್ಲಿ ಹುಲ್ಲು ಮೊಳಕಾಲೆತ್ತರ ಬೆಳೆದಿತ್ತು.

"ಹಾಗಾದ್ರೆ ನನ್ನ ಸಸಿಗಳು..."

"ಬದುಕ್ತಿದ್ವು ಕಣೋ," ಎಂದಳು ಲಮೈ.