ಆಣೆಯಲ್ಲ, ಮಾತು

ಆಗಸ್ಟ್ ಬಂತೆಂದರೆ ಕಡಬದ ನನ್ನ ಬಟ್ಟೆಯಂಗಡಿಗೆ ಖಾದಿ ಬಾವುಟಗಳ ಕಟ್ಟು ಬರುತ್ತದೆ. ಹಗ್ಗ ಬಿಚ್ಚಿದ ಕೂಡಲೇ ಗಂಜಿಯ ವಾಸನೆ ಏಳುತ್ತದೆ, ಮತ್ತೆ ನಾನು ಅಂಗಡಿಯಲ್ಲಿರುವುದಿಲ್ಲ. ಪಂಜದ ಶಾಲೆಯ ಎದುರಿದ್ದ ನಮ್ಮ ಹಂಚಿನ ಮನೆಯಲ್ಲಿರುತ್ತೇನೆ, ನನ್ನ ಅಪ್ಪನ ತಾಯಿ ಐಸಮ್ಮನ ಪಕ್ಕದಲ್ಲಿ. ನಾವು ಬ್ಯಾರಿಗಳು, ಕರಾವಳಿಯ ಮುಸ್ಲಿಮರು; ಅಜ್ಜಿಯನ್ನು ಉಮ್ಮಾಮ ಎಂದೇ ಕರೆಯುತ್ತಿದ್ದುದು. ಒಣಮೀನು ಮಾರಿ ಮನೆ ನಿಲ್ಲಿಸಿದ ಹೆಂಗಸು. ಶಾಲೆಯ ಬಾವುಟ ಒಗೆದು ಗಂಜಿ ಹಾಕುವ ಕೆಲಸವೂ ಅವಳದೇ. ಮೀನಿನ ವಾಸನೆ ತಾಗಬಾರದೆಂದು ಅದನ್ನು ಒಳಕೋಣೆಯಲ್ಲಿ, ಬೇರೆ ಬಟ್ಟೆ ಮುಟ್ಟದಂತೆ, ಪ್ರತ್ಯೇಕ ಹಗ್ಗದ ಮೇಲೆ ಒಣಗಿಸುತ್ತಿದ್ದಳು. ಗಂಜಿ ದಪ್ಪವಾದರೆ ಬಾವುಟ ಹಲಗೆಯ ಹಾಗೆ ನಿಂತುಬಿಡುತ್ತದೆ, ಹಾರುವುದಿಲ್ಲ. ನೀವೂ ನೆನಪಿಟ್ಟುಕೊಳ್ಳಿ, ತಿಳಿಗಂಜಿಯೇ ಸಾಕು.

ಆ ಮನೆಯಲ್ಲಿ ಒಂದು ಶಬ್ದಕ್ಕೆ ಜಾಗವಿರಲಿಲ್ಲ: ಆಣೆ. ಚೌಕಾಸಿ ಮಾಡುವಾಗ ಯಾರಾದರೂ ದೇವರಾಣೆ ಎಂದರೆ ಉಮ್ಮಾಮ ಬುಟ್ಟಿ ಮುಚ್ಚಿಬಿಡುತ್ತಿದ್ದಳು. ಆಣೆ ಕೇಳುವವನಿಗೆ ಸಂಶಯ, ಹಾಕುವವನಿಗೆ ಹೆದರಿಕೆ, ಅಲ್ಲಿ ವ್ಯಾಪಾರ ಆಗುವುದಿಲ್ಲ ಎಂಬುದು ಅವಳ ಲೆಕ್ಕ. ನಾನು ನಾಲ್ಕನೇ ತರಗತಿಯಲ್ಲಿದ್ದಾಗ ಟೀಚರೊಬ್ಬರು ಪ್ರತಿಜ್ಞೆ ಎಂದರೆ ಆಣೆ ಎಂದು ಅರ್ಥ ಹೇಳಿಕೊಟ್ಟರು. ಮರುದಿನ ಬಾವುಟದ ಎದುರು ಎಲ್ಲರ ಹಾಗೆ ಬಲಗೈ ಚಾಚಿದೆ, ಬಾಯಿ ಮಾತ್ರ ತೆರೆಯಲಿಲ್ಲ. ಸಾಲಿನಲ್ಲಿ ಗುಸುಗುಸು ಎದ್ದಿತು. ಬ್ಯಾರಿಗಳ ಹುಡುಗಿಗೆ ದೇಶ ಬೇಡವಂತೆ ಎಂದು ಒಬ್ಬ ಹೇಳಿದ್ದು ಇವತ್ತಿಗೂ ಕಿವಿಯಲ್ಲಿದೆ. ಹೆಡ್‌ಮಾಷ್ಟ್ರು ಉಮ್ಮಾಮನಿಗೆ ಹೇಳಿಕಳಿಸಿದರು. ಅವಳು ಒದ್ದೆ ಕೈ ಒರೆಸುತ್ತಲೇ ರಸ್ತೆ ದಾಟಿ ಬಂದಳು, ನನ್ನಿಂದ ಸಂಗತಿಯೆಲ್ಲ ಕೇಳಿ ತಿಳಿದು ಅವರತ್ತ ತಿರುಗಿದಳು.

"ನಿಮ್ಗೆ ಇವಳ ಮೇಲೆ ಸಂಶಯ ಉಂಟಾ ಮಾಷ್ಟ್ರೇ?"

"ಎಂತ ಸಂಶಯ ಮಾರಾಯ್ತಿ, ಬಾವುಟ ಒಗೆದು ಕೊಡುದೇ ನೀವು."

"ಮತ್ತೆ ದಿನಾ ಆಣೆ ಹಾಕಿಸುದು ಯಾಕೆ?"

ಮಾಷ್ಟ್ರು ನಕ್ಕರು, ಆಮೇಲೆ ನಗು ನಿಲ್ಲಿಸಿ ಹೇಳಿದರು. "ಇದು ಆಣೆ ಅಲ್ಲ ಐಸಮ್ಮ. ಮಾತು ಕೊಡುದು."

"ಹಾಗೆ ಹೇಳಿ. ಮಾತಾದ್ರೆ ಕೊಡ್ಲಿ." ನನ್ನ ಗಲ್ಲ ಹಿಡಿದು ಹೇಳಿದಳು, "ಕೊಟ್ಟ ಮೇಲೆ ರೇಟು ತಿರುಗಿಸ್ಲಿಕ್ಕಿಲ್ಲ, ಗೊತ್ತಾಯ್ತಾ?"

ಮರುದಿನ ಎಲ್ಲರಿಗಿಂತ ದೊಡ್ಡ ಸ್ವರ ನನ್ನದೇ. ಭಾರತೀಯರೆಲ್ಲ ನನ್ನ ಅಣ್ಣತಮ್ಮಂದಿರು, ಅಕ್ಕತಂಗಿಯರು ಎಂದು ಗುಸುಗುಸು ಮಾಡಿದವನ ಮುಖ ನೋಡಿಯೇ ಹೇಳಿದ್ದೆ. ಅವನೂ ಆ ಲೆಕ್ಕದಲ್ಲಿ ಬರುತ್ತಾನಲ್ಲ.

ಈ ವರ್ಷ ಸ್ವಾತಂತ್ರ್ಯ ದಿನಕ್ಕೆ ಎರಡು ದಿನ ಇರುವಾಗ, ನನ್ನ ಗುರುತಿನವರ ಮಗನೊಬ್ಬ ಮೊಬೈಲ್ ಹಿಡಿದುಕೊಂಡು ಅಂಗಡಿಗೆ ಬಂದ. ಬಾವುಟ ಹಿಡಿದು ದೇಶದ ಮೇಲೆ ಆಣೆ ಹಾಕಬೇಕಂತೆ, ವಿಡಿಯೋ ಮಾಡಿ ಗ್ರೂಪಿಗೆ ಹಾಕುತ್ತಾನಂತೆ. ಪಕ್ಕದ ಮೆಡಿಕಲ್‌ನವರದ್ದು ಆಯಿತಾ ಎಂದು ಕೇಳಿದೆ.

"ಅವರದ್ದು ಬೇಡ ಅಕ್ಕ. ಅವರದ್ದು ಗೊತ್ತುಂಟಲ್ಲ."

"ನನ್ನದು ಗೊತ್ತಿಲ್ವಾ? ನಿನ್ನ ಯೂನಿಫಾರಂ ಬಟ್ಟೆ ಅಳೆದು ಕೊಟ್ಟದ್ದು ಯಾರು ಮಾರಾಯ?" ಅವನ ಕೈಯಲ್ಲಿದ್ದ ಮೊಬೈಲ್ ಸ್ವಲ್ಪ ಕೆಳಗಿಳಿಯಿತು. "ಮಾತು ನಾಲ್ಕನೇ ಕ್ಲಾಸಿನಲ್ಲೇ ಕೊಟ್ಟಾಗಿದೆ. ಆಣೆ ಸಿಕ್ಕುದಿಲ್ಲ. ಬಾವುಟ ಬೇಕಾದ್ರೆ ತಕ್ಕೊಂಡು ಹೋಗು, ನಿನಗೆ ಅಸಲಿಗೆ ಕೊಡ್ತೇನೆ."

ಅವನು ಏನೂ ಕೊಳ್ಳದೆ ಹೋದ. ಗ್ರೂಪಿನಲ್ಲಿ ನನ್ನ ಬಗ್ಗೆ ಏನೋ ಬರೆದನಂತೆ. ನಾನು ನೋಡಲು ಹೋಗಲಿಲ್ಲ. ನಿಮಗೂ ನನ್ನದೊಂದು ಬುದ್ಧಿಮಾತು: ಸಂಶಯದಿಂದ ಕೇಳಿದವರಿಗೆ ಒಮ್ಮೆ ಆಣೆ ಹಾಕಿದರೆ ನಾಳೆಯೂ ಹಾಕಬೇಕಾಗುತ್ತದೆ, ನಾಡಿದ್ದೂ ಹಾಕಬೇಕಾಗುತ್ತದೆ.

ಪಂಜದ ಆ ಮನೆ ಈಗಿಲ್ಲ. ರಸ್ತೆ ಅಗಲವಾದಾಗ ಅದು ಹೋಯಿತು. ಬಾವುಟ ಒಣಗುತ್ತಿದ್ದ ಒಳಕೋಣೆಯ ಜಾಗದಲ್ಲಿ ಜನ ಬಸ್ಸು ಕಾಯುತ್ತಾರೆ. ಮಾಷ್ಟ್ರೂ ಇಲ್ಲ, ಉಮ್ಮಾಮನೂ ಇಲ್ಲ. ಹದಿನೈದರ ಬೆಳಿಗ್ಗೆ ಬೇಗ ಬಂದು, ರಾತ್ರಿ ತಿಳಿಗಂಜಿ ಹಾಕಿ ಒಣಗಿಸಿದ್ದ ಬಾವುಟವನ್ನು ಅಂಗಡಿಯೆದುರು ಏರಿಸಿದೆ. ಗಾಳಿಗೆ ಅದು ಸಲೀಸಾಗಿ ಬಿಚ್ಚಿಕೊಂಡಿತು. ರಸ್ತೆಯಲ್ಲಿ ಯಾರೂ ಇರಲಿಲ್ಲ. ಬಲಗೈ ಚಾಚಿ, ಶಾಲೆಯಲ್ಲಿ ಹೇಳಿದಷ್ಟೇ ದೊಡ್ಡ ಸ್ವರದಲ್ಲಿ ಪ್ರತಿಜ್ಞೆಯನ್ನು ಮೊದಲಿನಿಂದ ಕೊನೆಯವರೆಗೂ ಹೇಳಿದೆ. ಹೇಳು ಎಂದು ಯಾರೂ ಕೇಳಿರಲಿಲ್ಲ. ಅದಕ್ಕೇ ಹೇಳಿದೆ.